ಪಬ್ಬಿನ ಎದುರು ಬಿಯರ್ ಅಂಗಡಿ

ಇಂಗ್ಲೆಂಡಿನಲ್ಲಿ ಪಬ್ಬುಗಳು ಒಂದೊಂದಾಗಿ ಮುಚ್ಚುತ್ತಿವೆ ಅಂತ ನೀವೂ ಪೇಪರಿನಲ್ಲಿ ಓದಿರುತ್ತೀರಿ. ಸುಳ್ಳಲ್ಲ. ಆದರೆ ನಾವಿರುವ ಕಡೆ ಇನ್ನೊಂದು ತಮಾಷೆಯೂ ನಡೆದಿದೆ. ಪಬ್ಬು ಮುಚ್ಚಿದ ಬೀದಿಯಲ್ಲೇ, ಹಿಂದೆ ಹೂವಿನಂಗಡಿಯೋ ಕಟಿಂಗ್ ಶಾಪೋ ಆಗಿದ್ದ ಪುಟ್ಟ ಮಳಿಗೆಯಲ್ಲಿ, ಬರೀ ಬಿಯರ್ ಮಾರುವ ಅಂಗಡಿ ತೆರೆಯುತ್ತದೆ. ಒಳಗೆ ನಾಲ್ಕು ಬೆಂಚು, ಒಂದಷ್ಟು ಸ್ಟೂಲು. ಸಂಜೆ ಆರಕ್ಕೆ ಹೋದರೆ ಕೂರೋಕೆ ಜಾಗ ಇರೋದಿಲ್ಲ. ಕುಡಿಯೋರು ಕಮ್ಮಿ ಆಗಿದ್ದಾರೆ ಅಂತಾರಲ್ಲ, ಹಾಗಾದರೆ ಇವರೆಲ್ಲ ಎಲ್ಲಿಂದ ಬಂದರು?

ನಾವಿರೋದು ಕೆಂಟ್ ಕೌಂಟಿಯ ತುತ್ತತುದಿಯಲ್ಲಿರುವ ರಾಮ್ಸ್‌ಗೇಟ್‌ನಲ್ಲಿ. ಪಕ್ಕದಲ್ಲೇ ಬ್ರಾಡ್‌ಸ್ಟೇರ್ಸ್, ಮಾರ್ಗೇಟ್. ಮೂರೂ ಸಮುದ್ರ ದಂಡೆಯ ಊರುಗಳು. ಈ ಭಾಗಕ್ಕೆ ಥ್ಯಾನೆಟ್ ಅಂತ ಹೆಸರು. ನನಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ನಮ್ಮ ಯಜಮಾನರಿಗೆ ಮನೆಯಿಂದಲೇ ಕಂಪ್ಯೂಟರ್ ಕೆಲಸ. ಅವರು ಕುಡಿಯೋದು ಒಂದು ಪೈಂಟ್ (ಅರ್ಧ ಲೀಟರಿಗಿಂತ ತುಸು ಜಾಸ್ತಿ), ನಾನು ಅರ್ಧ. ಅಮ್ಮ ಇದನ್ನು ಓದಿದರೆ ಆ ‘ಅರ್ಧ’ವನ್ನು ಗಮನಿಸಲಿ.

ಈ ಪುಟ್ಟ ಅಂಗಡಿಗಳಲ್ಲಿ ಒಂದು ಜಾತಿಗೆ ಮೈಕ್ರೋಪಬ್ ಅನ್ನುತ್ತಾರೆ. ಮೊಟ್ಟಮೊದಲನೆಯದು ಶುರುವಾಗಿದ್ದು ಇಲ್ಲೇ ಹತ್ತಿರದ ಹರ್ನ್ ಎಂಬ ಹಳ್ಳಿಯಲ್ಲಿ. 2005ರಲ್ಲಿ ಮಾರ್ಟಿನ್ ಹಿಲಿಯರ್ ಅನ್ನುವವರು ಹಳೇ ಮಾಂಸದಂಗಡಿಯೊಂದರಲ್ಲಿ ‘ಬುಚರ್ಸ್ ಆರ್ಮ್ಸ್’ ತೆರೆದರು. ಟಿವಿ ಇಲ್ಲ, ಹಾಡು ಇಲ್ಲ, ಜೂಜಿನ ಮೆಷಿನ್ ಇಲ್ಲ, ಲಾಗರ್ ಬಿಯರ್ ಕೂಡ ಇಲ್ಲ. ಪೀಪಾಯಿಯಲ್ಲಿ ಬರುವ ಏಲ್ ಅನ್ನುವ ಇಲ್ಲಿನ ಹಳೇ ಬಗೆಯ ಬಿಯರ್, ಜೊತೆಗೆ ಮಾತು. ಇಲ್ಲಿ ಕಾಮ್ರಾ ಅಂತ ಒಂದು ಸಂಘವಿದೆ. ಒಳ್ಳೆಯ ಏಲ್ ಉಳಿಯಬೇಕು ಅಂತ ಕುಡಿಯುವವರೇ 1971ರಲ್ಲಿ ಕಟ್ಟಿಕೊಂಡಿದ್ದು. ಹಿಲಿಯರ್ 2009ರಲ್ಲಿ ಅದರ ಸಭೆಯಲ್ಲಿ ತಮ್ಮ ಅಂಗಡಿಯ ಲೆಕ್ಕಾಚಾರ ಬಿಡಿಸಿ ಹೇಳಿದ ಮೇಲೆ ಬೇರೆ ಊರುಗಳಲ್ಲೂ ಇಂಥವು ಎದ್ದವು. ಹಾರ್ಟಲ್‌ಪೂಲ್‌ನಲ್ಲಿ ಒಬ್ಬರು ರೈಲ್ವೆ ಸ್ಟೇಷನ್ನಿನ ಒಳಗೇ ತೆರೆದರು. ನಮ್ಮ ಥ್ಯಾನೆಟ್‌ನಲ್ಲಂತೂ ಬೀದಿ ಬಿಟ್ಟು ಬೀದಿಗೆ ಸಿಗುತ್ತವೆ.

ಹಿಲಿಯರ್ ಅಂಗಡಿ ತೆರೆದ 2005ರ ನವೆಂಬರಿನಲ್ಲೇ ಇಲ್ಲಿ ಹೊಸ ಲೈಸೆನ್ಸ್ ಕಾಯ್ದೆ ಜಾರಿಗೆ ಬಂತು. ಅದಕ್ಕೂ ಮೊದಲು ಲೈಸೆನ್ಸ್ ಕೊಡುತ್ತಿದ್ದವರು ಮ್ಯಾಜಿಸ್ಟ್ರೇಟರು, ಈಗ ಊರಿನ ಕೌನ್ಸಿಲ್. ಗಲಾಟೆ ಆಗುತ್ತದಾ, ಜನರ ಸುರಕ್ಷತೆಗೆ ಧಕ್ಕೆಯಾ, ಅಕ್ಕಪಕ್ಕದವರಿಗೆ ಕಿರಿಕಿರಿಯಾ, ಮಕ್ಕಳಿಗೆ ಕೆಡುಕಾ, ಇಷ್ಟನ್ನು ನೋಡುತ್ತಾರೆ. ‘ಈ ಬೀದಿಯಲ್ಲಿ ಆಗಲೇ ನನ್ನ ಪಬ್ಬಿದೆ, ಇನ್ನೊಂದು ಬಂದರೆ ನನಗೆ ಲಾಸು’ ಅನ್ನುವ ಆಕ್ಷೇಪಣೆ ನಿಲ್ಲೋದೇ ಇಲ್ಲ. ಒಂದೇ ಲೈಸೆನ್ಸಿನಲ್ಲಿ ಕೂರಿಸಿಯೂ ಕೊಡಬಹುದು, ಪಾರ್ಸೆಲ್ಲೂ ಕೊಡಬಹುದು. ನಮ್ಮ ಸಿಎಲ್-2, ಸಿಎಲ್-9 ವ್ಯವಹಾರ ಗೊತ್ತಲ್ಲ. ವೈನ್ ಶಾಪ್ ಅಂದರೆ ಸೀಲ್ ಒಡೆಯದ ಬಾಟಲಿ ಕೈಗೆ ಕೊಟ್ಟು ಕಳಿಸಬೇಕು, ಕೂತು ಕುಡಿಯಬೇಕಾದರೆ ಬಾರ್ ಅಂಡ್ ರೆಸ್ಟೋರೆಂಟಿಗೆ ಹೋಗಬೇಕು. ಎಂಆರ್‌ಪಿ ಶಾಪಿನ ಪಕ್ಕದ ಸಂದಿಯಲ್ಲಿ ನಿಂತು ಅವಸರದಲ್ಲಿ ಮುಗಿಸಿ ಹೋಗುವವರನ್ನೇ ನೋಡಿ ಬೆಳೆದ ನನಗೆ, ಅಂಗಡಿಯವನೇ ಗ್ಲಾಸು ತೊಳೆದು ತಂದು ‘ಕೂತ್ಕೊಳ್ಳಿ’ ಅಂದಿದ್ದು ವಿಚಿತ್ರ ಅನಿಸಿತ್ತು.

ನಮ್ಮ ಮನೆ ಹತ್ತಿರದ ಮೈಕ್ರೋಪಬ್ಬಿನಲ್ಲಿ ಕೌಂಟರೇ ಇಲ್ಲ. ಗೋಡೆಗುಂಟ ಬೆಂಚುಗಳು, ಎಲ್ಲರ ಮುಖವೂ ನಡುವಿನ ಕಡೆಗೆ. ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಮೂರು ಬಿಯರಿನ ಹೆಸರು, ರೇಟು. ಹಿಂದುಗಡೆ ತಣ್ಣಗಿನ ಚಿಕ್ಕ ಕೋಣೆ, ಅಲ್ಲಿ ಅಡ್ಡ ಮಲಗಿಸಿದ ಪೀಪಾಯಿಗಳು. ಅಂಗಡಿಯವನು ಒಳಗೆ ಹೋಗಿ, ಪೀಪಾಯಿಯ ನಲ್ಲಿ ತಿರುಗಿಸಿ, ಗ್ಲಾಸನ್ನು ಬೆಳಕಿಗೆ ಹಿಡಿದು, ತಿಳಿಯಾಗಿದೆ ಅನಿಸಿದರೆ ಮಾತ್ರ ಹೊರಗೆ ತರುತ್ತಾನೆ. ಯಾರದಾದರೂ ಫೋನ್ ರಿಂಗಾದರೆ ಮೇಜಿನ ಮೇಲಿನ ಡಬ್ಬಕ್ಕೆ ಒಂದು ಪೌಂಡ್ ಹಾಕಬೇಕು. ಅದು ಸಮುದ್ರದಲ್ಲಿ ಸಿಕ್ಕಿಕೊಂಡವರನ್ನು ಕಾಪಾಡುವ ಲೈಫ್‌ಬೋಟ್‌ನವರಿಗೆ ಹೋಗುತ್ತದೆ. ನಮ್ಮ ಅತ್ತೆಯ ವಾಟ್ಸಾಪ್ ಕಾಲ್‌ಗಳಿಂದ ಅವರಿಗೆ ಒಳ್ಳೆ ಆದಾಯ.

ಆ ಪೀಪಾಯಿಯ ಲೆಕ್ಕ ತಿಳಿದರೆ ಅರ್ಧ ಕಥೆ ತಿಳಿದ ಹಾಗೆ. ಒಂದರಲ್ಲಿ 9 ಗ್ಯಾಲನ್, ಅಂದರೆ 72 ಪೈಂಟ್. ಏಲ್ ಒಳಗೇ ಹುದುಗುತ್ತಿರುತ್ತದೆ, ನಲ್ಲಿ ಹಾಕಿದ ಮೇಲೆ ಮೂರು ದಿನ ರುಚಿಯಾಗಿರುತ್ತದೆ, ಆಮೇಲೆ ಹುಳಿ ತಿರುಗುತ್ತದೆ. ಅಂದರೆ ಒಂದು ಪೀಪಾಯಿಗೆ ದಿನಕ್ಕೆ 24 ಪೈಂಟ್ ಖರ್ಚಾಗಬೇಕು. ಮೂರೇ ಬಗೆ ಇಟ್ಟ ಪುಟ್ಟ ಅಂಗಡಿಗೆ ಅದು ಕಷ್ಟವಲ್ಲ. ಆರು ಬಗೆ ಇಟ್ಟ ಪಬ್ಬು ಮಳೆ ಸುರಿಯುವ ಮಂಗಳವಾರವೂ 144 ಪೈಂಟ್ ಮಾರಬೇಕು. ಮಾರಲಿಲ್ಲ ಅಂದರೆ ಚರಂಡಿಗೆ ಸುರಿಯಬೇಕು. ಇಲ್ಲಾಂದ್ರೆ ಹುಳಿ ಬಿಯರನ್ನೇ ಕೊಟ್ಟು ಗಿರಾಕಿ ಕಳೆದುಕೊಳ್ಳಬೇಕು.

ಇನ್ನೊಂದು ಜಾತಿ ಬಾಟಲ್ ಶಾಪ್. ಇವಕ್ಕೆ ಬರುವವರು ಸ್ವಲ್ಪ ಚಿಕ್ಕ ವಯಸ್ಸಿನವರು. ಗೋಡೆ ತುಂಬ ಗಾಜಿನ ಫ್ರಿಜ್ಜು, 440 ಮಿಲಿಯ ಬಣ್ಣಬಣ್ಣದ ಕ್ಯಾನುಗಳು, ಮೂಲೆಯಲ್ಲಿ ನಾಲ್ಕೈದು ನಲ್ಲಿ. ಪ್ರತಿ ಕ್ಯಾನಿಗೂ ಎರಡು ರೇಟು: ಮನೆಗೆ ಒಯ್ದರೆ ಒಂದು, ಇಲ್ಲೇ ಕುಡಿದರೆ ಸ್ವಲ್ಪ ಜಾಸ್ತಿ. ಪೈಂಟಿನ ಮೂರನೇ ಒಂದು ಭಾಗದ ಗ್ಲಾಸಿನಲ್ಲೂ ಕೊಡುತ್ತಾರೆ, ಹೀಗಾಗಿ ನಾಲ್ಕು ಬಗೆ ರುಚಿ ನೋಡಬಹುದು. ಮಾವಿನಹಣ್ಣು ಹಾಕಿ, ಬೇಕಂತಲೇ ಹುಳಿ ಬರಿಸಿದ ಬಿಯರ್ ಒಂದನ್ನು ನನಗೆ ಬಹಳ ಹೊಗಳಿ ಕೊಟ್ಟರು. ನಮ್ಮ ರಸಪುರಿಗೆ ಅವಮಾನ, ಅಷ್ಟೇ ಹೇಳಬಲ್ಲೆ.

ಈಗ ನಮ್ಮ ಮೈಕ್ರೋಪಬ್ಬಿನ ಎದುರುಗಡೆಯ ಪಬ್ಬಿಗೆ ಬರೋಣ. ಎರಡು ಅಂತಸ್ತು, ಕೆಳಗೆ ನೆಲಮಾಳಿಗೆ, ಹಿಂದೆ ತೋಟ, ಡಾರ್ಟ್ಸ್ ಬೋರ್ಡು. ನಡೆಸುವಾಕೆ ಅರವತ್ತರ ಹತ್ತಿರದವಳು, ಎಲ್ಲರನ್ನೂ ‘ಲವ್’ ಅಂತಲೇ ಕರೆಯುತ್ತಾಳೆ. ಕಟ್ಟಡ ಅವಳದಲ್ಲ, ದೊಡ್ಡ ಕಂಪನಿಯೊಂದರದು, ಹೆಸರು ಬೇಡ. ಬಾಡಿಗೆ ಕಂಪನಿಗೆ ಕಟ್ಟಬೇಕು. ಬಿಯರ್ ಕೂಡ ಅವರಿಂದಲೇ, ಅವರು ಹೇಳಿದ ರೇಟಿಗೇ ತರಬೇಕು. ಇದಕ್ಕೆ ‘ಟೈ’ ಅನ್ನುತ್ತಾರೆ. ಗೇಣಿ ರೈತ ಬೀಜ ಗೊಬ್ಬರವನ್ನೂ ಜಮೀನ್ದಾರನ ಅಂಗಡಿಯಲ್ಲೇ ಕೊಳ್ಳಬೇಕು ಅಂದ ಹಾಗೆ.

‘ಎದುರಿನವನು ಯಾವ ಬಿಯರ್ ಚೆನ್ನಾಗಿದೆ ಅಂತ ಫೋನ್ ಮಾಡಿ ತರಿಸ್ತಾನೆ. ನನಗೆ ಕಂಪನಿಯಿಂದ ಲಿಸ್ಟ್ ಬರುತ್ತೆ, ಅದರಲ್ಲಿ ಟಿಕ್ ಹಾಕಬೇಕು’ ಅಂದಳು ಒಂದು ದಿನ. ಎಂಟು ಮೈಲಿ ದೂರದಲ್ಲಿ ತಯಾರಾಗುವ ಏಲ್ ಅವಳಿಗೆ ಸಿಗೋದಿಲ್ಲ. ಎದುರಿನ ಅಂಗಡಿಯಲ್ಲಿ ಸಿಗುತ್ತದೆ, ಅದೂ ಅವಳ ರೇಟಿಗಿಂತ ಕಮ್ಮಿಗೆ.

ಟೈ ಇಲ್ಲಿ ಹಳೆಯ ಪದ್ಧತಿ. ಮೊದಲು ಪಬ್ಬುಗಳು ಬ್ರೂವರಿಗಳ ಕೈಯಲ್ಲಿದ್ದವು, ಈಗಲೂ ಕೆಲವು ಇವೆ. ಕೆಂಟಿನಲ್ಲೇ ಫೇವರ್‌ಶಮ್‌ನ ಶೆಫರ್ಡ್ ನೀಮ್ 1698ರಿಂದ ಇದ್ದೇವೆ ಅಂತ ಬೋರ್ಡಿನಲ್ಲೇ ಬರೆದುಕೊಂಡಿದೆ, ಅದರ ಪಬ್ಬುಗಳು ಸುತ್ತಮುತ್ತ ಎಲ್ಲ ಕಡೆ ಇವೆ. 1989ರಲ್ಲಿ ಸರ್ಕಾರ ಒಂದು ಆದೇಶ ತಂದಿತು. 2,000ಕ್ಕಿಂತ ಜಾಸ್ತಿ ಪಬ್ಬಿರುವ ಬ್ರೂವರಿಗಳು, ಆ ಹೆಚ್ಚಿನದರಲ್ಲಿ ಅರ್ಧವನ್ನು ಟೈನಿಂದ ಬಿಡಿಸಬೇಕು ಅಂತ. ಜನರಿಗೆ ಬೇರೆ ಬೇರೆ ಬಿಯರ್ ಸಿಗಲಿ ಅನ್ನೋದು ಉದ್ದೇಶ. ಆಗಿದ್ದು ಬೇರೆ. ಬಿಯರ್ ಮಾಡದ, ಪಬ್ಬಿನ ಕಟ್ಟಡಗಳನ್ನು ಮಾತ್ರ ಇಟ್ಟುಕೊಂಡ ಕಂಪನಿಗಳು ಹುಟ್ಟಿ ಸಾವಿರಾರು ಪಬ್ಬುಗಳನ್ನು ಕೊಂಡವು. ಬಾಡಿಗೆಯೂ ಅವರಿಗೆ, ಬಿಯರಿನ ಮೇಲಿನ ಲಾಭವೂ ಅವರಿಗೆ. 2016ರಲ್ಲಿ ಪಬ್ಸ್ ಕೋಡ್ ಅಂತ ಬಂದ ಮೇಲೆ, ದೊಡ್ಡ ಕಂಪನಿಗಳ ಬಾಡಿಗೆದಾರರು ಕೆಲವು ಸಂದರ್ಭಗಳಲ್ಲಿ ಬರೀ ಬಾಡಿಗೆ ಕಟ್ಟಿ ಟೈ ಬಿಡಿಸಿಕೊಳ್ಳಬಹುದು. ಕೇಳಿ ನೋಡಿದ್ರಾ ಅಂದರೆ ಅವಳು ನಗುತ್ತಾಳೆ. ವಕೀಲರ ಫೀಸು ಕೊಟ್ಟು, ಜಾಸ್ತಿ ಬಾಡಿಗೆ ಒಪ್ಪಿಕೊಂಡು ಹೊಡೆದಾಡೋ ವಯಸ್ಸಲ್ಲ ಅಂತಾಳೆ.

ಎದುರಿನವನ ಕಥೆ ಸಲೀಸು. ಮಳಿಗೆ ಚಿಕ್ಕದು, ಬಾಡಿಗೆ ಕಮ್ಮಿ. ಇಲ್ಲಿ ಅಂಗಡಿಗಳ ಮೇಲೆ ಬಿಸಿನೆಸ್ ರೇಟ್ಸ್ ಅಂತ ತೆರಿಗೆ ಇದೆ. ಅಂದಾಜು ವಾರ್ಷಿಕ ಬಾಡಿಗೆ ಮೌಲ್ಯ 12,000 ಪೌಂಡ್ ಒಳಗಿದ್ದು, ಇರೋದು ಒಂದೇ ಮಳಿಗೆ ಅಂದರೆ ಆ ತೆರಿಗೆ ಪೂರ್ತಿ ಮಾಫಿ. ಅಡುಗೆಮನೆ ಇಲ್ಲ, ಆಳುಗಳಿಲ್ಲ, ರಾತ್ರಿ ಒಂಬತ್ತಕ್ಕೆ ಬಾಗಿಲು. ‘ಅವನು ಬಾಗಿಲು ಹಾಕಿದ ಮೇಲೆ ಅವನ ಗಿರಾಕಿಗಳು ಇಲ್ಲಿಗೆ ಬರ್ತಾರೆ, ಟಾಯ್ಲೆಟ್ಟಿಗೆ’ ಅನ್ನುತ್ತಾಳೆ ಈಕೆ. ಕಹಿ ಇದೆ, ಆದರೆ ನಿಜ. ಅಲ್ಲಿರೋದು ಒಂದೇ ಟಾಯ್ಲೆಟ್ಟು.

ಇವರಿಬ್ಬರ ನಡುವೆ ನಿಜವಾದ ಆನೆ ಕೂತಿರೋದು ಸಮುದ್ರದ ಮುಂದೆ. ಒಂದು ಕಾಲದ ಮನರಂಜನಾ ಮಂದಿರ ರಾಯಲ್ ವಿಕ್ಟೋರಿಯಾ ಪೆವಿಲಿಯನ್ 2017ರಿಂದ ವೆದರ್‌ಸ್ಪೂನ್ ಪಬ್ಬಾಗಿದೆ. ಆ ಕಂಪನಿಯ ಪಬ್ಬುಗಳಲ್ಲೇ ಅತಿ ದೊಡ್ಡದು ಇದು. ಫೋನಿನಲ್ಲೇ ಆರ್ಡರ್ ಮಾಡಿದರೆ ಟೇಬಲ್ಲಿಗೆ ಬರುತ್ತದೆ, ರೇಟು ಎಲ್ಲರಿಗಿಂತ ಕಮ್ಮಿ. ಅಗ್ಗಕ್ಕೆ ಬೇಕಾದವರು ಅಲ್ಲಿಗೆ ಹೋದರು. ರುಚಿ ಬೇಕಾದವರು ಪುಟ್ಟ ಅಂಗಡಿಗೆ ಹೋದರು. ನಡುವೆ ಉಳಿದವಳು ಈಕೆ.

ನನಗನಿಸೋದು, ಮುಚ್ಚಿದ ಪಬ್ಬುಗಳನ್ನು ಕೊಂದಿದ್ದು ಪುಟ್ಟ ಅಂಗಡಿಯಲ್ಲ. ಕೈ ಕಟ್ಟಿ ಕಣಕ್ಕಿಳಿಸಿದವರು ಕೊಂದರು. ಅಂಗಡಿಯವನು ಖಾಲಿ ಜಾಗ ನೋಡಿ ಒಳಗೆ ಬಂದ, ಅಷ್ಟೇ. ಆದರೆ ಪಬ್ಬು ಮಾಡುವ ಕೆಲಸವನ್ನೆಲ್ಲ ಅವನು ಮಾಡುವುದಿಲ್ಲ ಅನ್ನೋದನ್ನೂ ಹೇಳಬೇಕು. ಮೊನ್ನೆ ಆಸ್ಪತ್ರೆಯ ಕನ್ನಡದ ಮನೆಯವರೆಲ್ಲ ಯುಗಾದಿ ನೆಪದಲ್ಲಿ ಸೇರಿದಾಗ ಹೋಗಿದ್ದು ಈಕೆಯ ಪಬ್ಬಿಗೆ. ಮಕ್ಕಳು ತೋಟದಲ್ಲಿ ಓಡಾಡಿದರು, ಕುಡಿಯದವರು ಕಾಫಿ ತಗೊಂಡರು, ಸಸ್ಯಾಹಾರಿಗಳಿಗೆ ಚಿಪ್ಸು, ಅಣಬೆ ಪೈ. ಎದುರಿನಲ್ಲಿ ಏನಿದೆ ಅಂದರೆ ಪೋರ್ಕ್ ಪೈ, ಉಪ್ಪಿನಕಾಯಿ ಥರ ವಿನೆಗರ್ ಹಾಕಿಟ್ಟ ಮೊಟ್ಟೆ. ಇಲ್ಲಿನವರು ಮಣ್ಣು ಮಾಡಿ ಬಂದ ಮೇಲೆ ನಂಟರಿಗೆ ಟೀ, ಸ್ಯಾಂಡ್‌ವಿಚ್ ಕೊಡೋದೂ ಪಬ್ಬಿನಲ್ಲೇ.

ಇನ್ನೊಂದಿದೆ. ಹೊಸದಾಗಿ ಬಂದಾಗ ನನಗೆ ಪಬ್ಬೇ ಹಿಡಿಸಿತ್ತು, ಯಾಕೆಂದರೆ ಅಲ್ಲಿ ಮೂಲೆಯಲ್ಲಿ ಸುಮ್ನೆ ಕೂತು ಬರಬಹುದು. ಮೈಕ್ರೋಪಬ್ಬಿನಲ್ಲಿ ಮಾತಾಡದೆ ಬಿಡೋದಿಲ್ಲ. ‘ಎಲ್ಲಿಯವರು? ಬೆಂಗಳೂರಾ? ಅಲ್ಲಿ ಎಂಥ ಬಿಯರ್?’ ಅಂತ ಶುರು. ಈಗ ಅದೇ ಇಷ್ಟ. ಕೆಂಟಿನ ಇಂಗ್ಲಿಷಿನ ರಾಗಕ್ಕೆ ನನ್ನ ಕಿವಿ ಒಗ್ಗಿದ್ದೇ ಅಲ್ಲಿ.

ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆದಿಕ್, ವೆಸ್ಟ್ ಬ್ರಾಮಿಚ್ ಕಡೆ ಪಂಜಾಬಿಗಳು ಸೋತು ಸುಣ್ಣವಾದ ಪಬ್ಬುಗಳನ್ನು ಕೊಂಡು, ಅದೇ ಬಿಯರ್ ಜೊತೆ ತಂದೂರಿ ಮಿಕ್ಸ್ಡ್ ಗ್ರಿಲ್ ಇಟ್ಟು ಎಬ್ಬಿಸಿದ್ದಾರೆ. ದೇಸಿ ಪಬ್ ಅಂತಲೇ ಹೆಸರು. ಇದನ್ನು ಹೇಳಿದಾಗ ನಮ್ಮ ಪಬ್ಬಿನಾಕೆ ಕಿವಿ ನಿಮಿರಿಸಿದಳು. ಅಡುಗೆಗೆ ಕಂಪನಿಯ ಟೈ ಇಲ್ಲವಂತೆ. ಗುರುವಾರಗಳಂದು ಏನಾದರೂ ಮಾಡಿಕೊಡ್ತೀಯಾ ಅಂತ ಈಗ ನನ್ನ ಬೆನ್ನು ಬಿದ್ದಿದ್ದಾಳೆ. ಈರುಳ್ಳಿ ಪಕೋಡ, ಮದ್ದೂರು ವಡೆ ಅಂತ ಒಂದು ಪಟ್ಟಿ ಮಾಡಿದ್ದೇವೆ. ಆಹಾರ ಸುರಕ್ಷತೆ ಸರ್ಟಿಫಿಕೇಟಿಗೆ ನಾನು ಆನ್‌ಲೈನ್ ಪರೀಕ್ಷೆ ಬರೆಯಬೇಕು. ವಿಷಯ ಕಿವಿಗೆ ಬಿದ್ದ ಎದುರಿನವನು, ತಣ್ಣಗಾದರೂ ಚೆನ್ನಾಗಿರುವಂಥದ್ದು ಏನಾದರೂ ಇದ್ದರೆ ತನಗೂ ಕೊಡಿ ಅಂತ ನಮ್ಮ ಯಜಮಾನರ ಹತ್ತಿರ ಹೇಳಿಕಳಿಸಿದ್ದಾನೆ. ಕೋಡುಬಳೆ ಕೊಟ್ಟರೆ ಈಕೆ ಏನನ್ನುತ್ತಾಳೋ, ಮೊದಲು ಕೇಳಬೇಕು.