ಅಳತೆ ಬಿಟ್ಟು ಹಂಚಿದ ಬೋರ್ಡೋ

ಮುಂಗಾರು ಹತ್ತಿರವಾಗುತ್ತಿದ್ದಂತೆ ಕೊಡಗಿನ ತೋಟದವರ ವಾಟ್ಸಾಪ್‌ನಲ್ಲಿ ಒಂದು ಮಾತು ಓಡಾಡುತ್ತದೆ: "ಮೆಣಸಿನ ಬಳ್ಳಿಗೆ ಬೋರ್ಡೋ ಹೊಡೀರಿ." ಬೋರ್ಡೋ ಅಂದರೆ ಕೊಳೆರೋಗ ತಡೆಯಲು ಹೊಡೆಯುವ ಮೈಲುತುತ್ತು-ಸುಣ್ಣದ ದ್ರಾವಣ. ಎಷ್ಟು, ಹೇಗೆ, ಯಾವ ಕಡೆಯ ತೋಟಕ್ಕೆ ಎಂಬುದು ಮಾತ್ರ ಆ ಸಂದೇಶದಲ್ಲಿ ಇರುವುದಿಲ್ಲ. ತಿಳಿದದ್ದನ್ನು ಪುಕ್ಕಟೆ ಹಂಚುವುದಾದರೆ ಪೂರ್ತಿ ಹಂಚಬೇಕು.

ಶೇ. 1ರ ಬೋರ್ಡೋ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆಜಿ ಸುಟ್ಟ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್‌ನಂತೆ ಕರಗಿಸಿ, ಸುಣ್ಣವನ್ನು ಸೋಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕಬೇಕು. ತಿರುಗಾಮುರುಗಾ ಸುರಿದರೆ ಕಣಗಳು ದಪ್ಪವಾಗಿ ಬೇಗ ತಳಕ್ಕಿಳಿಯುತ್ತವೆ. ಆಮೇಲೆ ಉಜ್ಜಿದ ಕತ್ತಿಯನ್ನು ಒಂದು ನಿಮಿಷ ಅದ್ದಿ ನೋಡಿ. ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಗಾಳಿಗೆ ತೆರೆದಿಟ್ಟ ಹಳೆ ಸುಣ್ಣ ಕಸುವು ಕಳೆದುಕೊಂಡಿರುತ್ತದೆ. 1 ಕೆಜಿ ತೂಗಿ ಹಾಕಿದರೂ ಕತ್ತಿ ಕೆಂಪಾಗುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಮಾಡಿದ ದಿನವೇ ಹೊಡೆದು ಮುಗಿಸಬೇಕು. ನೀವು ಹಂಚುವ ಟಿಪ್ಪಣಿಯಲ್ಲಿ ಇಷ್ಟೂ ಇರಲಿ, ಜೊತೆಗೆ ತಿಂಗಳೂ ಊರೂ ಇರಲಿ. ಭಾಗಮಂಡಲದ ಮಳೆಯೇ ಬೇರೆ, ಕುಶಾಲನಗರದ ಮಳೆಯೇ ಬೇರೆ.

ಇದನ್ನು ಚಿತ್ರವಾಗಿ ಕಳಿಸಬೇಡಿ, ಮುಂದಿನ ವರ್ಷ ಹುಡುಕಿದವರಿಗೆ ಸಿಗುವುದಿಲ್ಲ. ಯುನಿಕೋಡ್‌ನಲ್ಲೇ ಟೈಪ್ ಮಾಡಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫೈಲುಗಳನ್ನು ಯುನಿಕೋಡ್‌ಗೆ ಪರಿವರ್ತಿಸಿದರೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಾರೆ ನೋಡಿ ತಿದ್ದಬೇಕು.

ಹೆಚ್ಚಿನವರು ಮರೆಯುವುದು ಪರವಾನಗಿ. ಏನೂ ಬರೆಯದಿದ್ದರೆ ಎಲ್ಲರೂ ಬಳಸಬಹುದು ಎಂದಲ್ಲ. ಭಾರತದ ಕಾನೂನಿನಲ್ಲಿ ಹಕ್ಕು ಬರೆದವರದ್ದೇ, ಅವರು ತೀರಿಕೊಂಡ 60 ವರ್ಷದವರೆಗೆ. ಆದ್ದರಿಂದ ಕೊನೆಗೆ ಒಂದು ಸಾಲು ಹಾಕಿ: ಹೆಸರು, ವರ್ಷ, ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ 4.0. ಇದೊಂದು ಸಿದ್ಧ ಮುಕ್ತ ಪರವಾನಗಿ. ಹೆಸರು ಹೇಳಿ ಯಾರು ಬೇಕಾದರೂ ನಕಲಿಸಬಹುದು, ಕೊಡವ ತಕ್ಕಿಗೋ ಅರೆಭಾಷೆಗೋ ತರಬಹುದು, ಮಾರಲೂಬಹುದು. ಬದಲಿಸಿ ಹಂಚಿದ್ದನ್ನು ಮಾತ್ರ ಇದೇ ಷರತ್ತಿಗೆ ಬಿಡಬೇಕು. ಮಾರಾಟ ಅಂದಕೂಡಲೇ ಹಲವರಿಗೆ ಇರಿಸುಮುರಿಸು, ಎನ್‌ಸಿ (ವಾಣಿಜ್ಯ ಬಳಕೆ ಬೇಡ ಎಂಬ ಷರತ್ತು) ಸೇರಿಸಿಬಿಡುತ್ತಾರೆ. ಆಗ ಜೊತೆಗಿನ ಫೋಟೋ ವಿಕಿಪೀಡಿಯದ ಮುಕ್ತ ಚಿತ್ರ-ವಿಡಿಯೋ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಸಲ್ಲುವುದಿಲ್ಲ, ಬರಹ ಕನ್ನಡ ವಿಕಿಪೀಡಿಯಕ್ಕೂ ಹೋಗುವುದಿಲ್ಲ. ಸೇರಿಸದಿರುವುದೇ ಲೇಸು. ಒಮ್ಮೆ ಕೊಟ್ಟ ಪರವಾನಗಿಯನ್ನು ಹಿಂದಕ್ಕೆ ಪಡೆಯಲಾಗದು ಎಂಬುದೂ ನೆನಪಿರಲಿ.

ಸಂಶೋಧನಾ ಕೇಂದ್ರದ ಕೈಪಿಡಿಯಲ್ಲಿರುವ ಅಳತೆಯನ್ನು ನಿಮ್ಮ ಮಾತಿನಲ್ಲಿ ಹೇಳಬಹುದು. ವಾಕ್ಯ, ಚಿತ್ರಗಳನ್ನು ಹಾಗೇ ಎತ್ತುವಂತಿಲ್ಲ. ಫಾರ್ವರ್ಡ್ ಆಗಿ ಬಂದ ರೋಗದ ಎಲೆಯ ಫೋಟೋಕ್ಕೂ ಯಾರೋ ಒಡೆಯರಿರುತ್ತಾರೆ.

ವಿಡಿಯೋ ಮಾಡಿದ್ದರೆ ವಿಕಿಮೀಡಿಯ ಕಾಮನ್ಸ್ ಎಂಪಿ4 ಫೈಲು ತೆಗೆದುಕೊಳ್ಳುವುದಿಲ್ಲ, ವೆಬ್‌ಎಂ ಎಂಬ ಫೈಲು ಮಾದರಿಗೆ ಬದಲಿಸಿ ಏರಿಸಿ. ಫೋಟೋ ಏರಿಸುವ ಮುಂಚೆ ಅದರೊಳಗಿನ ಜಿಪಿಎಸ್ ಗುರುತು ಅಳಿಸಿ. ಊರಿನ ಹೆಸರು ಸಾಕು. ಮೆಣಸು ಒಣಗಿಸುವ ಕಣ ಎಲ್ಲಿದೆಯೆಂದು ಲೋಕಕ್ಕೆಲ್ಲ ತೋರಿಸಬೇಕಿಲ್ಲ.