ಮೊಸರು ಪೆಟ್ಟಿಗೆ: ಗ್ರಾಫಿನ ಗೆರೆ ಕೊನೆಗೂ ಮಲಗಿತು

ಕರೆಂಟ್ ಇಲ್ಲದೆ ರಾತ್ರಿಯಿಡೀ ಹಾಲನ್ನು ಬೆಚ್ಚಗಿಡುವ ಪೆಟ್ಟಿಗೆ ಈಗ ಒಂದು ಹದಕ್ಕೆ ಬಂದಿದೆ. ಬೆಂಗಳೂರಿನ ಜನವರಿ ರಾತ್ರಿಯಲ್ಲಿ, ಹೊರಗೆ 15–16 ಡಿಗ್ರಿ ಇದ್ದರೂ, ಬೆಳಿಗ್ಗೆ ಮೊಸರು ಗಟ್ಟಿಯಾಗಿ ಸಿಗುತ್ತಿದೆ.

ಹೆಪ್ಪು ಹಾಕಿದ ಹಾಲು 40–43 ಡಿಗ್ರಿ ಆಸುಪಾಸಿನಲ್ಲಿ ಐದಾರು ಗಂಟೆ ಇದ್ದರೆ ಒಳ್ಳೆಯದು. ಸುತ್ತ ಬಿಸಿನೀರು ಇಡಬಹುದು. ಆದರೆ ನೀರು ಶಾಖ ಕೊಡುತ್ತಾ ತಾನೂ ತಣ್ಣಗಾಗುತ್ತಾ ಹೋಗುತ್ತದೆ. ನನಗೆ ಬೇಕಿದ್ದದ್ದು ಶಾಖ ಕೊಡುತ್ತಿದ್ದರೂ ತಾನು ತಣ್ಣಗಾಗದ ವಸ್ತು. ಕರಗಿದ ವಸ್ತು ಗಟ್ಟಿಯಾಗುವಾಗ ಹೀಗೇ ಆಗುತ್ತದೆ. ಅಲೆದಾಡುತ್ತಿದ್ದ ಅಣುಗಳು ಸಾಲಾಗಿ ಕೂರುವಾಗ ಶಕ್ತಿಯನ್ನು ಹೊರಗೆ ಬಿಡುತ್ತವೆ. ಪೂರ್ತಿ ಗಟ್ಟಿಯಾಗುವವರೆಗೆ ಥರ್ಮಾಮೀಟರ್ ಅಲ್ಲೇ ನಿಲ್ಲುತ್ತದೆ. ಸ್ಕೂಲಲ್ಲಿ ಗುಪ್ತೋಷ್ಣ ಅಂತ ಓದಿದ್ದೆವಲ್ಲ, ಅದೇ. ಜೋಸೆಫ್ ಬ್ಲ್ಯಾಕ್ 1760ರ ದಶಕದಲ್ಲೇ ಗ್ಲಾಸ್ಗೋದಲ್ಲಿ ಮಂಜುಗಡ್ಡೆ ಕರಗಿಸಿ ಇದನ್ನು ಅಳೆದಿದ್ದರು.

ಅಳತೆಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲಿ ಕೊಂಡ ಡಿಎಸ್18ಬಿ20 ಅನ್ನೋ ಉಷ್ಣತೆಯ ಸೆನ್ಸರ್‌ಗಳು, ಅವುಗಳ ಅಳತೆ ಓದಲು ಒಂದು ಇಎಸ್‌ಪಿ32 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್. ಸೆನ್ಸರನ್ನು ಮಂಜುಗಡ್ಡೆ ಕರಗುತ್ತಿರುವ ನೀರಲ್ಲೂ ಕುದಿಯುವ ನೀರಲ್ಲೂ ಅದ್ದಿ ನೋಡಿದೆ. ಬೆಂಗಳೂರಲ್ಲಿ ಕುದಿಯುವ ನೀರು 100 ತೋರಿಸುವುದಿಲ್ಲ. ಊರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ, 97ರ ಹತ್ತಿರವೇ ಕುದಿ ಬರುತ್ತದೆ. 97 ಕಂಡ ತಕ್ಷಣ ಸೆನ್ಸರ್ ಹಾಳಾಗಿದೆ ಅಂತ ಎಸೆಯಬೇಡಿ.

ಮೊದಲು ಕೊಬ್ಬರಿ ಎಣ್ಣೆ ಇಟ್ಟೆ, ಸುಮ್ನೆ ಹೊತ್ತು ಹೋದಂತೆ ಉಷ್ಣತೆಯ ಗ್ರಾಫಿನ ಗೆರೆ ಹೇಗೆ ಬರುತ್ತದೆ ಅಂತ ನೋಡೋಕೆ. ಅದು 24 ಡಿಗ್ರಿ ಸುತ್ತಮುತ್ತ ಗಟ್ಟಿಯಾಗುತ್ತದೆ, ಹಾಗಾಗಿ ಮೊಸರಿಗೆ ಉಪಯೋಗವಿಲ್ಲ. ಗೆರೆಯೂ ಸಪಾಟಾಗಿರಲಿಲ್ಲ, ಇಳಿಜಾರಾಗಿತ್ತು. ಎಣ್ಣೆಯಲ್ಲಿ ಹಲವು ಕೊಬ್ಬುಗಳಿವೆ, ಒಂದೊಂದೂ ಒಂದೊಂದು ಉಷ್ಣತೆಯಲ್ಲಿ ಹೆಪ್ಪುಗಟ್ಟುತ್ತದೆ. ಮೇಣದಬತ್ತಿಯ ಮೇಣ ಕರಗುವುದು 55–60ರಲ್ಲಿ. ಅಷ್ಟು ಬಿಸಿಗೆ ಹೆಪ್ಪು ಹಿಡಿಯುವುದಿಲ್ಲ. ಕೈ ಬೆಚ್ಚಗಿಡುವ ಪ್ಯಾಕ್‌ಗಳಲ್ಲಿ ಹಾಕುವ ಸೋಡಿಯಂ ಅಸಿಟೇಟ್ 58. ಅದಕ್ಕೆ ಇನ್ನೊಂದು ಚಾಳಿಯೂ ಇದೆ: 58ರಿಂದ ಬಹಳ ಕೆಳಗಿಳಿದರೂ ನೀರಾಗೇ ಕೂತಿರುತ್ತದೆ, ಒಂದು ಹರಳು ಬೀಳುವವರೆಗೆ ಶಾಖ ಬಿಡುವುದಿಲ್ಲ. ರಾತ್ರಿ ಎದ್ದು ಯಾರು ಹರಳು ಹಾಕುತ್ತಾರೆ?

ಕೊನೆಗೆ ಸಿಕ್ಕಿದ್ದು ಲಾರಿಕ್ ಆಮ್ಲ. ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಸುಮಾರು ಅರ್ಧ ಇದೇ. ಮನೆಯಲ್ಲಿ ಸೋಪು ಮಾಡುವವರೂ ತರಿಸುತ್ತಾರೆ. ಬಿಳಿ ಪುಡಿ, ಸೋಪಿನ ವಾಸನೆ, 44 ಡಿಗ್ರಿಗೆ ಕರಗುತ್ತದೆ. ಇದೊಂದೇ ವಸ್ತುವಾದ್ದರಿಂದ ಗೆರೆ 44ರಿಂದ ಚೂರು ಕೆಳಗೆ ಅಡ್ಡಡ್ಡ ಮಲಗುತ್ತದೆ. ಆ ಗ್ರಾಫ್ ನೋಡಿದಾಗ ಆದ ಖುಷಿ ಮೊಸರು ನೋಡಿದಾಗಲೂ ಆಗಲಿಲ್ಲ!

ಲೆಕ್ಕ ಹೀಗಿದೆ. ಅರ್ಧ ಕೆಜಿ ಲಾರಿಕ್ ಆಮ್ಲ ಗಟ್ಟಿಯಾಗುವಾಗ ಸುಮಾರು 89 ಕಿಲೋಜೂಲ್ ಬಿಡುತ್ತದೆ. ಅರ್ಧ ಲೀಟರ್ ನೀರು 44ರಿಂದ 40ಕ್ಕೆ ಇಳಿದರೆ ಕೊಡುವುದು ಬರೀ 8 ಚಿಲ್ಲರೆ. ನಾಲ್ಕು ಸೆಂಟಿಮೀಟರ್ ದಪ್ಪದ ಥರ್ಮಾಕೋಲ್ ಗೋಡೆಗಳಿಂದ ಸುಮಾರು 4 ವಾಟ್ ಹೊರಹೋಗುತ್ತದೆ. ಆ ಲೆಕ್ಕದಲ್ಲಿ ಆರು ಗಂಟೆ ನಡೆಯಬೇಕು.

ಆದರೆ ಆರು ಗಂಟೆ ಬರುತ್ತಿರಲಿಲ್ಲ. ಥರ್ಮಾಕೋಲ್ ಇನ್ನೊಂದು ಪದರ ಹಾಕಿದರೂ ಹೆಚ್ಚೇನೂ ವ್ಯತ್ಯಾಸವಾಗಲಿಲ್ಲ. ಸುಳಿವು ಸಿಕ್ಕಿದ್ದು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ. ಹಾಲಿನ ಪಾತ್ರೆಯನ್ನು ರಾತ್ರಿಯೂ ಬೆಳಿಗ್ಗೆಯೂ ತೂಗಿದರೆ ಹತ್ತು ಗ್ರಾಂ ಆಸುಪಾಸು ಕಡಿಮೆ. ಪಾತ್ರೆಗೆ ಮುಚ್ಚಿದ್ದ ಸಡಿಲ ತಟ್ಟೆಯ ಸಂದಿಯಿಂದ ನೀರು ಆವಿಯಾಗಿ ಹೋಗಿತ್ತು. ಹತ್ತು ಗ್ರಾಂ ಏನು ಮಹಾ ಅನ್ನಿಸುತ್ತದೆ, ಅಲ್ವಾ? ಆದರೆ ಆ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2400 ಜೂಲ್ ಬೇಕು. ಹತ್ತು ಗ್ರಾಂಗೆ 24 ಕಿಲೋಜೂಲ್. ನನ್ನ ಇಡೀ ಬಂಡವಾಳದ ಕಾಲು ಭಾಗಕ್ಕಿಂತ ಜಾಸ್ತಿ! ಗಟ್ಟಿ ವಸ್ತು ಕರಗುವಾಗ ಅಣುಗಳ ಹಿಡಿತ ಸಡಿಲವಾದರೆ ಸಾಕು. ಆವಿಯಾಗಬೇಕಾದರೆ ಒಂದನ್ನೊಂದು ಪೂರ್ತಿ ಬಿಟ್ಟು ಹೋಗಬೇಕು, ಅದಕ್ಕೇ ಇಷ್ಟು ದುಬಾರಿ. ಮಂಜುಗಡ್ಡೆ ಕರಗಲು ಗ್ರಾಂಗೆ 334 ಜೂಲ್ ಸಾಕು, ಹೋಲಿಸಿ ನೋಡಿ.

ಈಗ ರಬ್ಬರ್ ರಿಂಗ್ ಇರುವ ಸ್ಟೀಲ್ ಡಬ್ಬಿ. ಮುಚ್ಚಳದ ಮೇಲೂ ಥರ್ಮಾಕೋಲ್ ಬಿಲ್ಲೆ. ಮುಚ್ಚಳ ತಣ್ಣಗಿದ್ದರೆ ಆವಿ ಅಲ್ಲೇ ಹನಿಗಟ್ಟಿ ತನ್ನ ಶಾಖವನ್ನು ಮುಚ್ಚಳಕ್ಕೆ ಕೊಟ್ಟುಬಿಡುತ್ತದೆ, ಹನಿ ಮೊಸರಿನ ಮೇಲೆ ಬಿದ್ದು ಮೇಲ್ಪದರ ನೀರಾಗುತ್ತದೆ. ಮುಚ್ಚಳವೂ ಬೆಚ್ಚಗಿದ್ದರೆ ಎರಡು ತೊಂದರೆಯೂ ಕಡಿಮೆ. ತೂಕ ಈಗ ಹೆಚ್ಚುಕಡಿಮೆ ಹಾಗೇ ಉಳಿಯುತ್ತಿದೆ, ಆರು ಗಂಟೆಯೂ ಬರುತ್ತಿದೆ.

ಲಾರಿಕ್ ಆಮ್ಲವನ್ನು ತೆಳುವಾದ ಚಪ್ಪಟೆ ಪೌಚ್‌ಗಳಲ್ಲಿ ಸೀಲ್ ಮಾಡಿ ಡಬ್ಬಿಯ ಸುತ್ತ ನಿಲ್ಲಿಸಿದ್ದೇನೆ. ಕರಗಿದಾಗ ಉಬ್ಬುತ್ತದೆ, ಜಾಗ ಬಿಡಬೇಕು. ದಪ್ಪ ಪೌಚ್ ಬೇಡ: ಮೊದಲು ಗಟ್ಟಿಯಾದ ಹೊರಪದರವೇ ಒಳಗಿನ ಶಾಖವನ್ನು ತಡೆಯುತ್ತದೆ.

ಪೌಚ್‌ಗಳನ್ನು ಕರಗಿಸಲು ಗ್ಯಾಸ್ ಉರಿಸುತ್ತಿಲ್ಲ. ಸಂಜೆ ಮಹಡಿಯ ಸೋಲಾರ್‌ನಿಂದ 55 ಡಿಗ್ರಿ ನೀರು ಬರುತ್ತದೆ. ಹತ್ತು ಲೀಟರ್ ಬಕೆಟ್‌ಗೆ ಪೌಚ್ ಹಾಕಿದರೆ ನೀರು ಸುಮಾರು 3 ಡಿಗ್ರಿ ಇಳಿಯುತ್ತದೆ ಅಷ್ಟೇ, ಆಮೇಲೆ ಅದೇ ನೀರಲ್ಲಿ ಸ್ನಾನ. ಮೋಡ ಕವಿದ ದಿನ ಸೋಲಾರ್ ನೀರು 44 ದಾಟುವುದಿಲ್ಲ, ಪೌಚ್ ಕರಗುವುದೇ ಇಲ್ಲ. ಮಳೆಗಾಲಕ್ಕೆ ಮುಂಚೆ ಅದಕ್ಕೊಂದು ದಾರಿ ಹುಡುಕಬೇಕು. ಹಾಲು ಕಾಯಿಸಿದ ಪಾತ್ರೆಯ ಬಿಸಿಯನ್ನೇ ಪೌಚ್‌ಗೆ ದಾಟಿಸುವುದು ಮುಂದಿನ ಪ್ರಯೋಗ. ಆ ಹಾಲನ್ನು ಹೇಗೂ 43ಕ್ಕೆ ಆರಿಸಲೇಬೇಕು.