ಕೈಗೆ ಕೊಟ್ಟ ನಾಲ್ಕು ತಿಂಗಳ ಬಾಡಿಗೆ

“ಕಳೆದ ಎರಡು ವರ್ಷ ಎಲ್ಲೆಲ್ಲಿ ಇದ್ದಿರಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ?” ಮನೆ ಸಾಲಕ್ಕೆ ಹೋದಾಗ ಲೋನ್ ಆಫೀಸರ್ ಇದನ್ನು ಕೇಳಿದಾಗ, ಸಂಬಳ ಕೇಳುವ ಮೊದಲೇ ಇದ್ಯಾಕೆ ಅನ್ನಿಸಿತ್ತು. ಅಮೆರಿಕದಲ್ಲಿ ಸಾಲದ ಅರ್ಜಿಯ ಮೊದಲ ಭಾಗದಲ್ಲೇ ಈ ಪ್ರಶ್ನೆ ಇರುತ್ತದೆ. ಈಗಿನ ವಿಳಾಸದಲ್ಲಿ 2 ವರ್ಷ ತುಂಬಿಲ್ಲದಿದ್ದರೆ ಹಿಂದಿನದನ್ನೂ ಬರೆಯಬೇಕು. ಸ್ವಂತದ್ದೋ, ಬಾಡಿಗೆಯದೋ, ಬಾಡಿಗೆ ಕೊಡದೆ ಇದ್ದದ್ದೋ ಅಂತ ಗುರುತು ಹಾಕಬೇಕು. ನನ್ನ ಲೆಕ್ಕ ಹೀಗಿತ್ತು: ಅಣ್ಣನ ಮನೆಯಲ್ಲಿ 3 ತಿಂಗಳು, ಗೆಳತಿಯ ಜೊತೆ 13 ತಿಂಗಳು, ಈಗಿನ ಅಪಾರ್ಟ್‌ಮೆಂಟಿನಲ್ಲಿ 8 ತಿಂಗಳು.

ನಾನು ಕ್ರೆಡಿಟ್ ಕಾರ್ಡ್ ಇಟ್ಟುಕೊಂಡವಳಲ್ಲ. ಸಾಲ ಇಲ್ಲದೆ ಇರುವುದೇ ಮರ್ಯಾದೆ ಅಂತ ಬೆಳೆದೆ. ಹಾಗಾಗಿ ಕ್ರೆಡಿಟ್ ಸ್ಕೋರೇ ಇರಲಿಲ್ಲ. ಸ್ಕೋರ್ ಇಲ್ಲದವರು ಹೇಳಿದ ದಿನಕ್ಕೆ ದುಡ್ಡು ಕಟ್ಟುತ್ತಾರೆ ಅನ್ನುವುದಕ್ಕೆ ಬಾಡಿಗೆಗಿಂತ ಒಳ್ಳೆ ಸಾಕ್ಷಿ ಇಲ್ಲ. ಹಿಂದಿನ 12 ತಿಂಗಳದ್ದು, ಒಂದೂ ಬಿಡದ ಹಾಗೆ ಬೇಕು ಅಂದರು.

ಮೊದಲು ಅಣ್ಣನ ಮನೆಯ ವಿಷಯ. ದೊಡ್ಡಮ್ಮನ ಮಗ, ಬಾಡಿಗೆಯ ಮಾತೇ ಇರಲಿಲ್ಲ. ಹಾಗಂತ ಆತನೇ ಒಂದು ಪತ್ರ ಬರೆದು ಸಹಿ ಹಾಕಿಕೊಡಬೇಕು. ಫೋನ್ ಮಾಡಿದರೆ, “ನಮ್ಮನೇಲಿ ಇದ್ದಿದ್ದಕ್ಕೂ ಪತ್ರ ಬೇಕೇನೇ?” ಅಂದ. ದನಿಯಲ್ಲಿ ನೋವಿತ್ತು. ಆದರೂ ಅವತ್ತು ರಾತ್ರಿಯೇ ಕಳಿಸಿದ. ಕೊನೆಯಲ್ಲಿ ಪ್ರೀತಿಯಿಂದ “ಇದು ಅವಳದೇ ಮನೆ” ಅಂತ ಸೇರಿಸಿದ್ದ. ಆ ಒಂದು ವಾಕ್ಯಕ್ಕೆ, ಆ ಮನೆಯಲ್ಲಿ ನಿಮ್ಮ ಪಾಲಿದೆಯೇ ಅಂತ ಪ್ರಶ್ನೆ ಬಂತು. ಆತ ಮತ್ತೆ ಬರೆದುಕೊಟ್ಟ: ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಇದ್ದಳು, ಬಾಡಿಗೆ ತೆಗೆದುಕೊಂಡಿಲ್ಲ. ಮೊದಲ ಪತ್ರ ನನ್ನ ಹತ್ತಿರವೇ ಇದೆ, ಎಸೆಯುವುದಕ್ಕೆ ಮನಸ್ಸಾಗಿಲ್ಲ. ನನ್ನ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಇನ್ನೂ ಅಣ್ಣನ ಮನೆ ವಿಳಾಸವೇ ಇತ್ತು. ಅದಕ್ಕೆ ನಾನೂ ಒಂದು ವಿವರಣೆ ಪತ್ರ ಕೊಟ್ಟೆ.

ಈಗಿನ ಅಪಾರ್ಟ್‌ಮೆಂಟಿನದು ಸುಲಭ. ಸಾಲ ಕೊಡುವವರು ಕಳಿಸಿದ ಫಾರ್ಮನ್ನು ಅಲ್ಲಿನ ಆಫೀಸಿನವರು ತುಂಬಿ ಕಳಿಸಿದರು.

ಸಿಕ್ಕಿಕೊಂಡದ್ದು ಗೆಳತಿಯ ಜೊತೆಗಿದ್ದ ಕಾಲದಲ್ಲಿ. ಬಾಡಿಗೆ ಕರಾರು ಇದ್ದದ್ದು ಅವಳ ಹೆಸರಲ್ಲಿ ಮಾತ್ರ. ನನ್ನ ಅರ್ಧ ನಾನು ಅವಳಿಗೆ ಕೊಡುತ್ತಿದ್ದೆ, ಅವಳು ಪೂರ್ತಿ ಬಾಡಿಗೆ ಕಟ್ಟುತ್ತಿದ್ದಳು. ಒಂಬತ್ತು ತಿಂಗಳು ಖಾತೆಯಿಂದ ಕಳಿಸಿದೆ. ಆಮೇಲೆ ಅವಳು ಬ್ಯಾಂಕ್ ಬದಲಾಯಿಸುತ್ತಿದ್ದಳು, “ಕೈಗೇ ಕೊಟ್ಟುಬಿಡೇ” ಅಂದಳು, ಕೊಟ್ಟೆ. ಹೀಗೆ ಕೊನೆಯ ನಾಲ್ಕು ತಿಂಗಳು ನಗದು. ಬೇಕಿದ್ದ 12 ತಿಂಗಳಲ್ಲಿ ಇಲ್ಲಿನ 8 ಹೋದರೆ ಉಳಿದದ್ದು ಅವೇ ನಾಲ್ಕು. ಮನೆಯ ಮಾಲೀಕರಿಗೆ ನನ್ನ ಹೆಸರೂ ಗೊತ್ತಿರಲಿಲ್ಲ. ಗೆಳತಿ ಪತ್ರ ಕೊಟ್ಟಳು, ತನ್ನ ಸ್ಟೇಟ್‌ಮೆಂಟನ್ನೂ ಕೊಟ್ಟಳು. ನಾನು ಎಟಿಎಂನಿಂದ ದುಡ್ಡು ತೆಗೆದ ದಿನಗಳನ್ನು ಗುರುತು ಮಾಡಿ ಕಳಿಸಿದೆ. ಒಪ್ಪಲಿಲ್ಲ. ತೆಗೆದ ದುಡ್ಡು ಬಾಡಿಗೆಗೇ ಹೋಯಿತು ಅಂತ ಯಾರು ಹೇಳಬೇಕು?

ಬೇಜಾರಾಯಿತು. ಒಂದು ತಿಂಗಳೂ ತಡ ಮಾಡಿದವಳಲ್ಲ ನಾನು. ಎಷ್ಟೋ ತಿಂಗಳು ಬೇರೆ ಖರ್ಚು ಮುಂದೆ ಹಾಕಿ ಮೊದಲು ಬಾಡಿಗೆ ಎತ್ತಿಟ್ಟಿದ್ದೇನೆ. ಬಾಡಿಗೆದಾರರ ಈ ಶಿಸ್ತನ್ನು ಸಾಲ ಕೊಡುವವರು ಬಹುಕಾಲ ಅಷ್ಟಾಗಿ ಲೆಕ್ಕಕ್ಕೇ ಹಿಡಿದಿರಲಿಲ್ಲ. ಇಲ್ಲಿ ಸಾಲ ಕೊಡುವವರಿಂದ ಮನೆ ಸಾಲಗಳನ್ನು ಕೊಳ್ಳುವ ದೊಡ್ಡ ಸಂಸ್ಥೆ ಫ್ಯಾನಿ ಮೇ, 2021ರ ಸೆಪ್ಟೆಂಬರ್‌ನಲ್ಲಿ ಅರ್ಜಿಗಳನ್ನು ತೂಗಿ ನೋಡುವ ತನ್ನ ತಂತ್ರಾಂಶವನ್ನು ಬದಲಿಸಿತು: ಅರ್ಜಿದಾರರು ಒಪ್ಪಿದರೆ 12 ತಿಂಗಳ ಬ್ಯಾಂಕ್ ವ್ಯವಹಾರದಲ್ಲಿ ಬಾಡಿಗೆ ಕಟ್ಟಿದ್ದನ್ನು ಹುಡುಕಿ, ಸಿಕ್ಕಿದ್ದನ್ನು ಅವರ ಪರವಾಗಿ ಎಣಿಸುತ್ತದೆ. ಇದು ನ್ಯಾಯವಾದ ಕೆಲಸ, ಇನ್ನೂ ಮುಂಚೆ ಆಗಬೇಕಿತ್ತು. ಆದರೆ ಅದಕ್ಕೂ ಖಾತೆಯಲ್ಲಿ ಕಾಣುವುದಷ್ಟೇ ಲೆಕ್ಕ. ಕೈಯಿಂದ ಕೈಗೆ ಹೋದದ್ದು ಕಾಣುವುದಿಲ್ಲ.

ನೋಡಿ ಇಷ್ಟಪಟ್ಟಿದ್ದ ಮನೆ ಬೇರೆಯವರ ಪಾಲಾಯಿತು. ನಾನು ನಾಲ್ಕು ತಿಂಗಳು ಕಾದೆ. ತಿಂಗಳ ಒಂದನೇ ತಾರೀಕು, ಒಂದೇ ಖಾತೆಯಿಂದ, ಯಾವ ತಿಂಗಳ ಬಾಡಿಗೆ ಅಂತ ಬರೆದು ಕಳಿಸಿದೆ. ಪ್ರತಿ ಸ್ಟೇಟ್‌ಮೆಂಟನ್ನೂ ಪೂರ್ತಿ ಇಳಿಸಿಕೊಂಡೆ, ಖಾಲಿ ಪುಟವನ್ನೂ ಬಿಡದೆ. ಕೊನೆಯ ಪುಟ ಖಾಲಿ ಅಂತ ಬಿಟ್ಟು ಕಳಿಸಿ ಮೊದಲ ಸಲ ಒಂದು ವಾರ ಕಳೆದುಕೊಂಡಿದ್ದೆ.

ಅಪಾರ್ಟ್‌ಮೆಂಟಿನವರು ಎರಡನೇ ಸಲ ಫಾರ್ಮ್ ತುಂಬಿ ಕಳಿಸಿದಾಗ ಒಂದು ಪ್ರತಿ ಕೇಳಿ ತೆಗೆದುಕೊಂಡೆ. ಎಷ್ಟು ತಿಂಗಳಿಂದ ಇದ್ದಾರೆ: 12. ಎಷ್ಟು ಸಲ ತಡವಾಗಿದೆ: 0. ಅಣ್ಣನಿಗೆ ಅದರ ಫೋಟೋ ಕಳಿಸಿದೆ.